ಕಾವಲು ಲಾರಿ ಮತ್ತು ಮೂವರು ಮುದುಕರು

ಒಂದು ಹಳೆಯ ಲಾರಿ, ಅದನ್ನು ನೆನಪಿಟ್ಟುಕೊಂಡ ಮೂವರು, ಅದರ ಬಗ್ಗೆ ಓದಿಕೊಂಡ ಒಬ್ಬರು, ಇಷ್ಟೂ ಒಂದೇ ಶೆಡ್ಡಿನಲ್ಲಿ ಸೇರಿದರೆ ವಾರಕ್ಕೊಂದಾದರೂ ಎಡವಟ್ಟು ಆಗದೆ ಇರುವುದಿಲ್ಲ. ನಾನು ಎಲ್ಲವನ್ನೂ ಬರೆದಿಡುವ ಸ್ವಭಾವದವಳು. ಆಗಿದ್ದನ್ನು ಆದ ಕ್ರಮದಲ್ಲೇ ಕೊಡುತ್ತಿದ್ದೇನೆ.

ಮೊದಲು ಸ್ವಲ್ಪ ವಿವರ. ನಾನು ಮಂಗಳೂರಿನವಳು. ರಸಾಯನಶಾಸ್ತ್ರ ಓದಿ, ಮಲಯ್ ನಾಡಿಗೆ ಬಂದು, ನಿಲಾಯ್ ಊರಿನ ಹತ್ತಿರದ ಒಂದು ಪೇಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಸುಬಾಂಗ್ ಜಯಾದಲ್ಲಿ ಬೆಂಗಳೂರಿನ ಇಂಜಿನಿಯರ್ ಒಬ್ಬರಿದ್ದಾರೆ. ಐದು ದಿನ ಸಾಫ್ಟ್‌ವೇರ್, ಉಳಿದೆರಡು ದಿನ ಪ್ಲಾಸ್ಟಿಕ್ಕಿನ ಪುಟ್ಟ ಟ್ಯಾಂಕು, ಪುಟ್ಟ ಜೀಪು ಅಂಟಿಸುವ ಹುಚ್ಚು. ಒಂದು ಯುಗಾದಿ ಊಟಕ್ಕೆ ಅವರು ನನ್ನ ಪಕ್ಕದಲ್ಲಿ ಕೂತರು.

"ಪೇಂಟ್ ಲ್ಯಾಬಲ್ವಾ ನೀನು? ಹಸಿರು ಗೊತ್ತಾ?"

"ಯಾವ ಹಸಿರು ಸರ್?"

"ಅದೇ ನೋಡಮ್ಮ ಪ್ರಾಬ್ಲಮ್ಮು."

ವಿಷಯ ಇಷ್ಟು. ಹಿಂದೆ ಉತ್ತರದ ಕಾಡಿನೊಳಗೆ ರಸ್ತೆ ಕಡಿಯುವಾಗ, ಅಡಗಿ ಕೂತ ಬಂದೂಕಿನವರು ಸಾಮಾನು ಹೊತ್ತ ಲಾರಿಗಳ ಮೇಲೆ ಬೀಳುತ್ತಿದ್ದರು. ಹಾಗಾಗಿ ಪ್ರತಿ ಸಾಲಿನ ಮುಂದೆ ಒಂದು ಕಾವಲು ಲಾರಿ ಹೋಗುತ್ತಿತ್ತು. ಸುತ್ತ ಉಕ್ಕಿನ ತಗಡು, ನೆಲಕ್ಕೆ ಮರಳಿನ ಚೀಲ, ತಲೆಯ ಮೇಲೆ ಮೆಷಿನ್ ಗನ್. ಅಂಥದೊಂದರ ಅಸ್ಥಿಪಂಜರ ನಿಲಾಯ್‌ನ ಗ್ಯಾರೇಜ್ ಯಜಮಾನರಿಗೆ ತಾಳೆ ತೋಟದಲ್ಲಿ ಸಿಕ್ಕಿತ್ತು. ಅವರನ್ನು ಎಲ್ಲರೂ ತೌಕೆ ಅನ್ನುತ್ತಾರೆ, ಅಂದರೆ ಅಂಗಡಿಯ ಧಣಿ. ತೌಕೆಯ ಶೆಡ್ಡಿನಲ್ಲಿ ಶನಿವಾರ ಶನಿವಾರ ಅದಕ್ಕೆ ಜೀವ ಬರಿಸುವ ಕೆಲಸ. ಅದರ ಮೂಲ ಹಸಿರು ಯಾವುದು ಅಂತ ಪತ್ತೆಮಾಡಲು ಇಂಜಿನಿಯರಿಗೆ ನಾನು ಬೇಕಿತ್ತು.

ಆ ಲಾರಿಯಲ್ಲಿ ದುಡಿದಿದ್ದ ಮೂವರು ಇನ್ನೂ ಇದ್ದಾರೆ. ಬಿಳಿ ಗಡ್ಡದ ಪಂಜಾಬಿ ಸಾರ್ಜೆಂಟ್. ತಮಿಳು ಡ್ರೈವರ್ ತಾತ. ಮಲಯ್ ಗನ್ನರ್, ಇವರನ್ನು ನಾನು ಪಾಕ್ ಚಿಕ್, ಅಂದರೆ ಚಿಕ್ಕಪ್ಪ, ಅಂತ ಕರೆಯುತ್ತೇನೆ. ಮೂವರೂ ಎಪ್ಪತ್ತೈದು ದಾಟಿದವರು. ನಮ್ಮೊಳಗಿನ ಮಾತು ಮಲಯ್, ತಮಿಳು, ಇಂಗ್ಲಿಷ್ ಮೂರನ್ನೂ ಕಲಸಿದ್ದು. ಇಲ್ಲಿ ಕನ್ನಡ ಮಾಡಿದ್ದೇನೆ.

ಅವಸರಕ್ಕೆ ಕಾರಣ ಡ್ರೈವರ್ ತಾತ. ಅವರ ಲಾರಿ ಲೈಸೆನ್ಸ್ ಮುಗಿಯುವುದಕ್ಕೆ ಹದಿನಾರು ವಾರ ಉಳಿದಿತ್ತು. ಮುಂದಿನ ಸಲ ವಯಸ್ಸಿನ ಕಾರಣಕ್ಕೆ ಸಹಿ ಹಾಕುವುದಿಲ್ಲ ಅಂತ ಡಾಕ್ಟರು ಹೇಳಿಯಾಗಿತ್ತು. ಹಳೆಯ ಸೈನಿಕರ ಸಮಾವೇಶ ಒಂದು ಶನಿವಾರ. ಲೈಸೆನ್ಸ್ ಅದರ ಮರು ಸೋಮವಾರದವರೆಗೆ. ಆ ಶನಿವಾರ ಲಾರಿ ಹೊರಡದಿದ್ದರೆ ತಾತ ಅದನ್ನು ಇನ್ನೆಂದೂ ರಸ್ತೆಯಲ್ಲಿ ಓಡಿಸುವಂತಿರಲಿಲ್ಲ.

"ಬೇರೆ ಡ್ರೈವರ್ ಹಾಕೋಣ," ಅಂದಿದ್ದರು ತೌಕೆ.

"ಹಾಕಿ. ನಾವಿಬ್ಬರು ಬಸ್ಸಲ್ಲಿ ಬರ್ತೀವಿ," ಅಂದರು ಸಾರ್ಜೆಂಟ್. ಪಾಕ್ ಚಿಕ್ ತಲೆಯಾಡಿಸಿದರು. ಆ ಮಾತು ಮತ್ತೆ ಬರಲಿಲ್ಲ.

ಒಂದು: ಹಸಿರು

ನಾನು ಹನ್ನೆರಡು ತಗಡಿನ ತುಂಡು ತೆಗೆದುಕೊಂಡೆ. ಒಂದೊಂದಕ್ಕೆ ಒಂದೊಂದು ಹಸಿರು ಬಳಿದು ಹಿಂದೆ ನಂಬರ್ ಬರೆದೆ. ಒಬ್ಬರ ಉತ್ತರ ಇನ್ನೊಬ್ಬರ ಕಿವಿಗೆ ಬೀಳಬಾರದು ಅಂತ ಮೂವರನ್ನೂ ಬೇರೆಬೇರೆಯಾಗಿ ಶೆಡ್ಡಿನ ಹಿಂದೆ ಕರೆದೆ.

ಸಾರ್ಜೆಂಟ್ ಒಂದೇ ಸಲಕ್ಕೆ ನಾಲ್ಕನೆಯದನ್ನು ಎತ್ತಿದರು. "ಇದೇ. ಅನುಮಾನ ಬೇಡ."

ಪಾಕ್ ಚಿಕ್ ಒಂದೇ ಸಲಕ್ಕೆ ಒಂಬತ್ತನೆಯದನ್ನು ಎತ್ತಿದರು. "ಸಾರ್ಜೆಂಟ್ ಯಾವುದು ಅಂದ್ರು?"

"ಹೇಳೋ ಹಾಗಿಲ್ಲ ಪಾಕ್ ಚಿಕ್."

"ನಾಲ್ಕು ಅಂದಿರ್ತಾರೆ. ಅವರಿಗೆ ಆಗಲೂ ಬಣ್ಣ ಗೊತ್ತಾಗ್ತಿರಲಿಲ್ಲ."

ಇಬ್ಬರದೂ ಬೇರೆಯಾಯಿತು, ತೀರ್ಮಾನ ಡ್ರೈವರ್ ತಾತನ ಕೈಯಲ್ಲಿ. ಅವರು ಹನ್ನೆರಡನ್ನೂ ನಿಧಾನವಾಗಿ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಕೊನೆಗೆ ಏಳನೆಯದನ್ನು ಎತ್ತಿ ಬಿಸಿಲಿಗೆ ಹಿಡಿದರು. ನಾನು ಪೆನ್ ಸಿದ್ಧ ಮಾಡಿಕೊಂಡೆ. ಅವರು ತಗಡನ್ನು ತಿರುಗಿಸಿದರು. ಹಿಂಭಾಗಕ್ಕೆ ನಾನು ಬಣ್ಣ ಹಚ್ಚಿರಲಿಲ್ಲ. ಬರೀ ತುಕ್ಕು.

"ಇದು," ಅಂದರು.

"ತಾತ, ಅದು ತುಕ್ಕು."

"ಕೆಸರೂ ಇದೇ ಬಣ್ಣ. ನಾನು ಎರಡು ವರ್ಷ ಆ ಲಾರಿ ತೊಳೆದಿದೀನಮ್ಮಾ. ಹಸಿರು ಇತ್ತು ಅಂತ ಬೇರೆಯವರು ಹೇಳಿ ಕೇಳಿದ್ದೀನಿ. ನಾನಂತೂ ನೋಡಿಲ್ಲ."

ಎರಡು: ಕಿಂಡಿ

ಡ್ರೈವರ್ ಮುಂದಿನ ಗಾಜಿಗೆ ಅಡ್ಡಲಾಗಿ ಉಕ್ಕಿನ ತಗಡು ಇರಬೇಕು. ತಗಡಿನಲ್ಲಿ ಗೇಣುದ್ದದ ಕಿಂಡಿ. ಅದರಲ್ಲಿ ನೋಡಿಕೊಂಡು ಓಡಿಸುವುದು. ನಕ್ಷೆ ತೆಗೆದವರು ಇಂಜಿನಿಯರ್. ಅಂಗೈಯಷ್ಟು ದೊಡ್ಡ ಪ್ಲಾಸ್ಟಿಕ್ ಲಾರಿಯನ್ನು ಮೊದಲೇ ಮಾಡಿ, ಅದರ ಅಳತೆಯನ್ನು ಮೂವತ್ತೈದರಿಂದ ಗುಣಿಸಿ, ತೌಕೆಗೆ ಕೊಟ್ಟರು.

"ಡ್ರೈವರ್ ಕಣ್ಣಿನ ಎತ್ತರ ಯಾರದು ಹಿಡಿದ್ರಿ?" ಅಂತ ನಾನು ಕೇಳಿದೆ.

"ಸ್ಟ್ಯಾಂಡರ್ಡ್," ಅಂದರು.

ಸ್ಟ್ಯಾಂಡರ್ಡ್ ಅಂದರೆ ಅವರದೇ. ಇಂಜಿನಿಯರ್ ಆರು ಅಡಿ ಒಂದು ಅಂಗುಲ. ಡ್ರೈವರ್ ತಾತ ಬೂಟು ಸೇರಿ ಐದು ಅಡಿ.

ತಗಡು ಕೂರಿಸಿದ ದಿನ ತಾತ ಸೀಟಿನಲ್ಲಿ ಕೂತರು. ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟರು. ಕತ್ತೆತ್ತಿ ಕಿಂಡಿಯನ್ನೇ ನೋಡುತ್ತಾ ಕೂತರು. ಎಲ್ಲರೂ ಅವರಿಗೆ ಹಳೆಯದೆಲ್ಲ ನೆನಪಾಗುತ್ತಿದೆ ಅಂದುಕೊಂಡೆವು. ಇಂಜಿನಿಯರಂತೂ ಮೂಗು ಒರೆಸಿಕೊಂಡರು.

ಒಳಗಿನಿಂದ ತಾತನ ಧ್ವನಿ ಬಂತು: "ಶೆಡ್ಡಿನ ಸೂರಲ್ಲಿ ಎರಡು ಹಂಚು ಒಡೆದಿದೆ, ತೌಕೆಗೆ ಹೇಳಿ. ರಸ್ತೆ ಎಲ್ಲಿದೆ?"

ಸೀಟಿಗೆ ದಿಂಬು ಹಾಕಿ ನೋಡಿದೆವು. ಕಣ್ಣು ಕಿಂಡಿಗೆ ಬಂದಾಗ ಕಾಲು ಬ್ರೇಕಿಗೆ ಬರಲಿಲ್ಲ. ಕೊನೆಗೆ ತೌಕೆ ಅದೇ ತಗಡಿನಲ್ಲಿ ಒಂದು ಅಡಿ ಕೆಳಗೆ ಇನ್ನೊಂದು ಕಿಂಡಿ ಕೊರೆದರು. ಮೇಲಿನದನ್ನು ಮುಚ್ಚಲು ತಗಡು ಉಳಿದಿರಲಿಲ್ಲ. ಹಾಗೇ ಬಿಟ್ಟೆವು.

ಎರಡು ವಾರದ ಮೇಲೆ ಪೆನಾಂಗ್‌ನಿಂದ ಇನ್ನೊಬ್ಬ ಹವ್ಯಾಸಿ ನೋಡಲು ಬಂದ. ಅಲ್ಲಿನ ಬಯಾನ್ ಲೆಪಾಸ್‌ನಲ್ಲಿ ಚಿಪ್ ಕಾರ್ಖಾನೆಯಲ್ಲಿದ್ದಾನೆ. ಇಂಥ ಲಾರಿಗಳ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಅನ್ನುವ ಪೈಕಿ. ಎರಡು ಕಿಂಡಿಯ ಮುಂದೆ ಬಂದು ನಿಂತುಬಿಟ್ಟ. ಇಂಜಿನಿಯರ ಮುಖ ಬಾಡಿತು.

ಅವನು ಹದಿನೆಂಟು ಫೋಟೋ ತೆಗೆದು, ಇಂಜಿನಿಯರ ಕೈ ಹಿಡಿದು ಹೇಳಿದ: "ಜೋಡಿ ಕಿಂಡಿ! ಬಹಳ ಅಪರೂಪದ್ದು ಇದು. ನೀವಾದರೂ ಸರಿಯಾಗಿ ಮಾಡಿದ್ರಲ್ಲ."

ಮೂರು: ನೆಲದ ರಕ್ಷಣೆ

ಹತ್ತು ವಾರ ಉಳಿದಿತ್ತು. ನೆಲಕ್ಕೆ ಮರಳಿನ ಚೀಲ ಬೇಕು. ಕೆಳಗೆ ಸಿಡಿಮದ್ದು ಸಿಡಿದರೆ ಒಳಗಿನವರ ಕಾಲು ಉಳಿಯಲಿ ಅಂತ ಆಗ ಹಾಕುತ್ತಿದ್ದದ್ದು. ನಾನು ಲೆಕ್ಕ ಹಾಕಿ ನಲವತ್ತು ಚೀಲ ಅಂದೆ. ಚೀಲಗಳೇನೋ ಬಂದವು. ಮರಳು ತರುವ ಜವಾಬ್ದಾರಿ ತೌಕೆ ಹೊತ್ತರು.

"ನೋಡೋಕೆ ಚೀಲ ತುಂಬಿರಬೇಕು, ಅಷ್ಟೇ ತಾನೇ?" ಅಂದರು.

ಅಷ್ಟೇ ಅಂದುಕೊಂಡದ್ದು ನಮ್ಮ ತಪ್ಪು. ಅವರ ಅಮ್ಮನಿಗೆ ಗ್ಯಾರೇಜಿನ ಹಿಂದೆ ತರಕಾರಿ ಮಡಿಗಳಿದ್ದವು. ಶೆಡ್ ವಿಸ್ತರಿಸಲು ಆ ಮಡಿಗಳನ್ನು ಅಗೆದಿದ್ದರು. ಆ ಮಣ್ಣೇ ಚೀಲ ಸೇರಿತು. ಮರಳು ಅದರಲ್ಲಿ ಹಿಡಿಯಷ್ಟೂ ಇರಲಿಲ್ಲ.

ಆಮೇಲೆ ಮೂರು ವಾರ ದಿನಾ ಸಂಜೆ ಮಳೆ. ಲಾರಿಗೆ ಇನ್ನೂ ಮೇಲ್ಹೊದಿಕೆ ಇರಲಿಲ್ಲ. ನಾಲ್ಕನೆಯ ಶನಿವಾರ ನಾವು ಏಣಿ ಹತ್ತಿ ನೋಡಿದರೆ ಚೀಲದ ನೇಯ್ಗೆಯ ಸಂದಿನಿಂದೆಲ್ಲ ಕಾಂಕುಂಗ್ ಸೊಪ್ಪು, ಮೊಣಕಾಲೆತ್ತರ, ದಟ್ಟವಾಗಿ.

ಇಂಜಿನಿಯರ್ ತಲೆಯ ಮೇಲೆ ಕೈ ಹೊತ್ತರು. "ಹಿಸ್ಟರಿ ಹಾಳಾಯ್ತು!"

ಪಾಕ್ ಚಿಕ್ ಮಾತ್ರ ಸಂತೋಷಪಟ್ಟರು. ಆ ಕಾಲದಲ್ಲಿ ಅವರು ಕೊಂಬೆ ಕಡಿದು ಲಾರಿಗೆ ಸಿಕ್ಕಿಸಿ ಮರೆಮಾಚಬೇಕಿತ್ತಂತೆ. "ಮಧ್ಯಾಹ್ನದೊಳಗೆ ಬಾಡಿ ಹೋಗೋದು. ಇದು ತಾನೇ ಬೆಳೀತದೆ. ಆಗ ಯಾರಿಗೂ ತೋಚಲಿಲ್ಲ ನೋಡಿ."

ತೌಕೆಯ ಅಮ್ಮ ಬಂದು, ಯಾರನ್ನೂ ಕೇಳದೆ, ಕತ್ತಿ ಹಿಡಿದು ಲಾರಿ ಹತ್ತಿದರು. ತಮ್ಮ ಮಡಿ, ತಮ್ಮ ಸೊಪ್ಪು. ಎಲ್ಲರಿಗೂ ಒಂದೊಂದು ಕಟ್ಟು ಹಂಚಿದರು. ಇಂಜಿನಿಯರ್ ತಮ್ಮ ಪಾಲನ್ನು ಮನೆಗೆ ಒಯ್ದರು. ಅವರ ಹೆಂಡತಿ, ನಾನು ಅಕ್ಕ ಅನ್ನುವವರು, ಹುಬ್ಬಳ್ಳಿಯವರು. ಬೆಳ್ಳುಳ್ಳಿ ಹಾಕಿ ಪಲ್ಯ ಮಾಡಿದ್ದರು. ಭಾನುವಾರ ನಾನೂ ಊಟಕ್ಕೆ ಹೋಗಿದ್ದೆ.

ಇಲ್ಲೇ ಹುಟ್ಟಿ ಬೆಳೆದ ಅವರ ಮಗಳು ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. "ಅಮ್ಮಾ, ದಿಸ್ ಈಸ್ ಫ್ರಮ್ ದಿ ಲಾರಿ?" ಅಂತ ತಟ್ಟೆ ದೂಡಿದಳು.

ಅಕ್ಕ ತಟ್ಟೆಯನ್ನು ಮತ್ತೆ ಅವಳ ಮುಂದಿಟ್ಟು ಗಂಡನ ಕಡೆ ತಿರುಗಿದರು: "ಅಲ್ರೀ, ಎರಡ ತಿಂಗಳಿಂದ ಶನಿವಾರ ಬಂದ್ರ ಸಾಕು, ಲಾರಿ ಲಾರಿ ಅಂತ ಓಡತೀರಿ. ಅದರಿಂದ ಮನೀಗೆ ಏನರ ಬಂದದ್ದು ಅಂದ್ರ ಈ ಪಲ್ಯಾ ಒಂದ. ತಿನ್ನಲಿ ಬಿಡ್ರಿ ಕೂಸು."

ನಾಲ್ಕು: ಎಚ್ಚರವಾಗಿದ್ದವರು

ಸಮಾವೇಶದ ದಿನ ಲಾರಿಯ ಮುಂದೆ ಒಂದು ಫಲಕ ಇಡಬೇಕಿತ್ತು. ಬರೆಯುವ ಕೆಲಸ ನನ್ನದು. ಇಪ್ಪತ್ತು ಪ್ರಶ್ನೆಗಳ ಫಾರಂ ಮಾಡಿ ಮೂವರಿಗೂ ಕೊಟ್ಟೆ. ಏಳನೆಯ ಪ್ರಶ್ನೆ: ಮಧ್ಯಾಹ್ನದ ಬಿಡುವಿನಲ್ಲಿ ಕಾವಲು ಯಾರು ಕಾಯುತ್ತಿದ್ದರು?

ಸಾರ್ಜೆಂಟ್ ಬರೆದದ್ದು: ನಾನು. ಉಳಿದಿಬ್ಬರು ಮಲಗುತ್ತಿದ್ದರು.

ಪಾಕ್ ಚಿಕ್ ಬರೆದದ್ದು: ನಾನು. ಉಳಿದಿಬ್ಬರು ಮಲಗುತ್ತಿದ್ದರು. ಸಾರ್ಜೆಂಟ್ ಗೊರಕೆ ಹೊಡೆಯುತ್ತಿದ್ದರು.

ಡ್ರೈವರ್ ತಾತ ಬರೆದದ್ದು: ನಾನು. ಗೊರಕೆ ಇಬ್ಬರದೂ.

ಕಾಗದಗಳನ್ನು ಜೋಡಿಸಿಟ್ಟು ನೋಡಿದೆ. ಇಬ್ಬಿಬ್ಬರ ಸಾಕ್ಷಿ ಸಿಕ್ಕಿದ್ದನ್ನು ನಿಜ ಅಂತ ಹಿಡಿದರೆ, ಆ ಲಾರಿಯಲ್ಲಿ ಎಲ್ಲರೂ ನಿದ್ದೆ ಮಾಡುತ್ತಿದ್ದರು. ಫಲಕದಲ್ಲಿ ಅದನ್ನು ಬರೆಯುವಂತಿಲ್ಲ. "ಬಿಡುವಿನಲ್ಲಿ ಮೂವರೂ ಸೇರಿ ಕಾವಲು ಕಾಯುತ್ತಿದ್ದರು" ಅಂತ ಬರೆದು ಶೆಡ್ಡಿನ ಗೋಡೆಗೆ ಒರಗಿಸಿದೆ. ಮೂವರೂ ಓದಿದರು. ತಂತಮ್ಮ ಕೆಲಸಕ್ಕೆ ಹೋದರು.

ಆಮೇಲೆ ಒಬ್ಬೊಬ್ಬರಾಗಿ ನಾನೊಬ್ಬಳೇ ಇದ್ದಾಗ ಬಂದರು. ಮೂವರೂ ಹೇಳಿದ್ದು ಒಂದೇ: "ಒಳ್ಳೆ ಕೆಲಸ ಮಾಡಿದೆ. ಪಾಪ, ಅವರಿಬ್ಬರ ಮಾನ ಉಳಿಯಿತು."

ಐದು: ಗನ್ನಿಗೊಂದು ಕುರ್ಚಿ

ನಿಜವಾದ ಗನ್ ಕೇಳುವ ಹಾಗೇ ಇಲ್ಲ. ಆಟಿಕೆಯಂಥದ್ದಕ್ಕೂ ಇಲ್ಲಿ ಅನುಮತಿ ಪತ್ರ ಬೇಕು. ಪತ್ರ ತಂದು, ಪಿವಿಸಿ ಪೈಪಿನಲ್ಲಿ ಗನ್ ಮಾಡಿ, ಕಪ್ಪು ಬಳಿದೆ. ನಳಿಗೆಗೆ ಒಂದೂವರೆ ಇಂಚಿನ ಪೈಪು, ಹಿಂದಿನ ಭಾಗಕ್ಕೆ ಮೂರು ಇಂಚಿನದು, ಹಿಡಿಕೆಗೆ ಎರಡು ಬೆಂಡು.

ಪಾಕ್ ಚಿಕ್ ಅದನ್ನು ಕೈಗೆ ತೆಗೆದುಕೊಂಡ ಗಳಿಗೆಯಿಂದ ಅದು ಗನ್ನೇ ಆಯಿತು. ಪ್ರತಿ ಶನಿವಾರ ಬಿಚ್ಚಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ, ಜೋಡಿಸುತ್ತಿದ್ದರು. ಗನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದು ಅನ್ನುವುದು ಅವರ ನಿಯಮ. ಹಾಗಾಗಿ ಮಾಮಾಕ್, ಅಂದರೆ ತಮಿಳು ಮುಸ್ಲಿಮರ, ಹೋಟೆಲಿಗೆ ತಿನ್ನಲು ಹೋದಾಗ ಅದೂ ಟವೆಲ್ ಹೊದ್ದುಕೊಂಡು ಜೊತೆಗೆ ಬರುತ್ತಿತ್ತು. ಅದಕ್ಕೆ ಒಂದು ಕುರ್ಚಿ. ಸಪ್ಲೈಯರ್ ಕೂಡ ಒಗ್ಗಿಹೋಗಿದ್ದ. "ಆರು ಜನ, ಐದು ಟೀ," ಅಂತ ಒಳಗೆ ಕೂಗುತ್ತಿದ್ದ.

ಒಂದು ಶನಿವಾರ ಪಾಕ್ ಚಿಕ್ ಕೈ ತೊಳೆಯಲು ಎದ್ದರು. "ಕಣ್ಣು ತೆಗೀಬೇಡಿ," ಅಂತ ಇಂಜಿನಿಯರಿಗೆ ಹೇಳಿ ಹೋದರು. ಅದೇ ಹೊತ್ತಿಗೆ ಇಬ್ಬರು ಪೊಲೀಸರು ಬಂದು ಪಕ್ಕದ ಟೇಬಲ್ಲಿನಲ್ಲಿ ಕೂತರು. ಫ್ಯಾನ್ ಗಾಳಿಗೆ ಟವೆಲ್ ಜಾರಿತು. ಅನುಮತಿ ಪತ್ರ ಶೆಡ್ಡಿನಲ್ಲಿತ್ತು.

ಹಿರಿಯ ಪೊಲೀಸ್ ಸಾಹೇಬರು ಕುರ್ಚಿಯ ಕಡೆ ನೋಡಿದರು. "ಏನದು?"

ಇಂಜಿನಿಯರ್ ಸತ್ಯ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಬೆವರಿಬಿಟ್ಟರು. "ಪ್ಲಂಬಿಂಗ್, ಸರ್! ಪಿವಿಸಿ! ಬರೀ ಪ್ಲಂಬಿಂಗ್!" ಅಂತ ನಳಿಗೆಯನ್ನು ಬೆರಳಿನಿಂದ ಟಕಟಕ ಬಡಿದು ತೋರಿಸಿದರು.

ಸಾಹೇಬರು ಎದ್ದು ಬಂದರು. ಪೈಪನ್ನು ತಿರುಗಿಸಿ, ಬೆಂಡುಗಳನ್ನು ಮುಟ್ಟಿ, ಜೋಡಿಸಿದ ಜಾಗವನ್ನು ಉಗುರಿನಿಂದ ಗೀರಿ ನೋಡಿದರು. ನನ್ನ ಕೈಯಲ್ಲಿದ್ದ ರೊಟ್ಟಿ ಚನಾಯ್ ಹಾಗೇ ನಿಂತಿತ್ತು.

"ಜಾಯಿಂಟ್ ಬಹಳ ಚೆನ್ನಾಗಿ ಹಾಕಿದ್ದೀರಿ," ಅಂದರು. "ನಮ್ಮ ಅಡುಗೆಮನೆ ಸಿಂಕು ಮೂರು ತಿಂಗಳಿಂದ ಸೋರ್ತಾ ಇದೆ. ಯಾವಾಗ ಬರ್ತೀರಿ?"

ಮುಂದಿನ ಶನಿವಾರ ಶೆಡ್ಡಿನ ಕೆಲಸಕ್ಕೆ ಇಂಜಿನಿಯರ್ ಬರಲಿಲ್ಲ.

ಆರು: ಸಮಾವೇಶ

ಲಾರಿಗೆ ಒಂದು ದಿನದ ಮಟ್ಟಿಗೆ ರಸ್ತೆಗಿಳಿಯಲು ಅನುಮತಿ ಸಿಕ್ಕಿದ್ದು ಶುಕ್ರವಾರ ಮಧ್ಯಾಹ್ನ. ಡ್ರೈವರ್ ತಾತ ಕಾಗದವನ್ನು ಎರಡು ಸಲ ಓದಿದರು, ಜೇಬಿನಿಂದ ತಮ್ಮ ಲೈಸೆನ್ಸ್ ತೆಗೆದು ಅದರ ಪಕ್ಕ ಇಟ್ಟು, ಎರಡರ ತಾರೀಕನ್ನೂ ಬೆರಳಿಟ್ಟು ನೋಡಿದರು. "ಸರಿ," ಅಂದರು. ಅಷ್ಟೇ.

ಶನಿವಾರ ಬೆಳಿಗ್ಗೆ ಸಾರ್ಜೆಂಟ್ ಎಲ್ಲರನ್ನೂ ಸೇರಿಸಿದರು. ಮೇಜಿನ ಮೇಲೆ ಐದು ಸೋಡಾ ಬಾಟಲಿ ಸಾಲಾಗಿಟ್ಟರು. ಮೊದಲನೆಯದು ನಮ್ಮ ಲಾರಿ, ಹಿಂದೆ ಇಬ್ಬರು ಹವ್ಯಾಸಿಗಳ ಎರಡು ಹಳೆಯ ಜೀಪು, ಆಮೇಲೆ ಒಂದು ನೀರಿನ ಲಾರಿ, ಕೊನೆಗೆ ಕೆಟ್ಟುನಿಂತರೆ ಎಳೆಯಲು ತೌಕೆಯ ಗಾಡಿ.

"ನಿಯಮ ಮೂರು," ಅಂದರು. "ಒಂದು, ಮುಂದಿನ ಗಾಡಿಯಿಂದ ಹೇಳಿದಷ್ಟೇ ಅಂತರ. ಅದು ಹೋದಲ್ಲಿ ನೀವು ಹೋಗಬೇಕು. ಎರಡು, ಗುಂಡಿನ ಸದ್ದು ಕೇಳಿದರೆ ಯಾರೂ ನಿಲ್ಲಬಾರದು. ನಿಂತವನು ಸತ್ತ. ವೇಗ ಹೆಚ್ಚಿಸಿ ದಾಟಿಬಿಡಬೇಕು. ಮೂರು, ದಾಟಿದ ಮೇಲೆ ಎಲ್ಲರೂ ಮೊದಲೇ ಗೊತ್ತುಮಾಡಿದ ಜಾಗದಲ್ಲಿ ಸೇರಬೇಕು."

"ಸರ್, ನಾವು ಹೋಗ್ತಿರೋದು ಸ್ಕೂಲ್ ಮೈದಾನಕ್ಕೆ," ಅಂದರು ಇಂಜಿನಿಯರ್.

"ಸೇರುವ ಜಾಗ ಗೊತ್ತುಮಾಡದೆ ನನ್ನ ಕಾನ್ವಾಯ್ ಯಾವತ್ತೂ ಹೊರಟಿಲ್ಲ." ಸ್ವಲ್ಪ ಯೋಚಿಸಿದರು. "ಸ್ಕೂಲಿನಿಂದ ಒಂದು ಮೈಲಿ ಆಚೆ, ಮಾರ್ಕೆಟ್ ಎದುರು ಒಂದು ಟೀ ಅಂಗಡಿ ಇದೆ. ಅಲ್ಲಿ."

ಎಲ್ಲರೂ ನಕ್ಕರು. ಸಾರ್ಜೆಂಟ್ ನಗಲಿಲ್ಲ. ಡ್ರೈವರ್ ತಾತನೂ ನಗಲಿಲ್ಲ.

ನನ್ನ ಕೆಲಸ ಅಳತೆ. ಮೈದಾನದ ಗೇಟಿನಲ್ಲಿ ಸ್ಕೂಲಿನವರು ಬಲೂನಿನ ಕಮಾನು ಕಟ್ಟಿದ್ದರು. ಮುಂಜಾನೆಯೇ ಹೋಗಿ ಟೇಪು ಹಿಡಿದಿದ್ದೆ. ಕಮಾನು ಹನ್ನೊಂದೂವರೆ ಅಡಿ. ಗನ್ನೂ ಸೇರಿ ನಮ್ಮ ಲಾರಿ ಹತ್ತೂವರೆ ಅಡಿ. ಒಂದು ಅಡಿ ಜಾಗ ಉಳಿಯುತ್ತದೆ. ಪಟ್ಟಿಯಲ್ಲಿ ಟಿಕ್ ಹಾಕಿದ್ದೆ.

ಹೊರಟೆವು. ತಾತ ಸ್ಟಿಯರಿಂಗಿನಲ್ಲಿ, ಪಕ್ಕ ಸಾರ್ಜೆಂಟ್, ಮೇಲೆ ಗನ್ನಿನ ಹಿಂದೆ ಪಾಕ್ ಚಿಕ್, ಹಿಂದೆ ಚೀಲಗಳ ಮೇಲೆ ನಾನು ಮತ್ತು ಇಂಜಿನಿಯರ್. ತಾತನ ಓಟ ನೋಡುವಂತಿತ್ತು. ಗೇರು ಬದಲಿಸಿದ್ದೇ ಗೊತ್ತಾಗುತ್ತಿರಲಿಲ್ಲ. ಗಂಟೆಗೆ ಹದಿನೈದು ಮೈಲಿ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ರಸ್ತೆ ಬದಿಯವರು ಕೈ ಬೀಸಿದರು. ತಾತ ಯಾರ ಕಡೆಗೂ ನೋಡಲಿಲ್ಲ. ಕೆಲಸದಲ್ಲಿದ್ದರು.

ಮೈದಾನದ ಗೇಟು ಬಂತು. ಒಳಗೆ ವೇದಿಕೆ, ಶಾಮಿಯಾನ, ಕುರ್ಚಿಗಳಲ್ಲಿ ಹಳೆಯ ಸೈನಿಕರು. ವೇದಿಕೆಯ ಮೇಲೆ ಮುಖ್ಯ ಅತಿಥಿ, ನಿವೃತ್ತ ಕರ್ನಲ್. ನಾವು ಅವರ ಎದುರು ನಿಲ್ಲಬೇಕು, ಅವರು ಸೆಲ್ಯೂಟ್ ಸ್ವೀಕರಿಸಬೇಕು, ಭಾಷಣ ಆಗಬೇಕು. ನಮ್ಮನ್ನು ಕಂಡು ಕರ್ನಲ್ ಎದ್ದು ನಿಂತು ಕೈ ಎತ್ತಿದರು.

ನನ್ನ ಅಳತೆ ಸರಿಯಾಗಿಯೇ ಇತ್ತು. ಗನ್ನು ಅಡ್ಡವಾಗಿದ್ದಾಗ. ಕರ್ನಲ್ಲರನ್ನು ಕಂಡ ಪಾಕ್ ಚಿಕ್, ಗನ್ನರ್ ಗೌರವ ಸಲ್ಲಿಸುವ ಕ್ರಮದಂತೆ, ನಳಿಗೆಯನ್ನು ನೆಟ್ಟಗೆ ಮೇಲಕ್ಕೆತ್ತಿದರು.

ಕಮಾನಿನ ಬಲೂನುಗಳು ಸಾಲಾಗಿ ಸಿಡಿದವು. ಟಪ್. ಟಪ್ ಟಪ್. ಟಪಟಪಟಪಟಪ.

ಲಾರಿ ಮುಂದಕ್ಕೆ ಹಾರಿತು. ಅದಕ್ಕೆ ಅಷ್ಟು ವೇಗ ಇದೆ ಅಂತ ತೌಕೆಗೂ ಗೊತ್ತಿರಲಿಲ್ಲ. ನಾನು ಚೀಲದ ಮೇಲೆ ಬಿದ್ದೆ, ನನ್ನ ಮೇಲೆ ಇಂಜಿನಿಯರ್ ಬಿದ್ದರು. ಮುಂದಿನಿಂದ ಸಾರ್ಜೆಂಟ್ ಗುಡುಗಿದ್ದು ಕೇಳಿಸಿತು: "ನುಗ್ಗು! ನುಗ್ಗು! ನಿಲ್ಲಬೇಡ!" ವೇದಿಕೆ ನಮ್ಮ ಪಕ್ಕದಲ್ಲಿ ಸರ್ರನೆ ಹಿಂದೆ ಹೋಯಿತು. ಸೆಲ್ಯೂಟಿನಲ್ಲಿದ್ದ ಕರ್ನಲ್ ನಮ್ಮ ಜೊತೆಜೊತೆಗೇ ತಿರುಗಿದರು. ಬ್ಯಾಂಡಿನವರು ದಾರಿ ಬಿಟ್ಟರು. ಲಾರಿ ಮೈದಾನ ದಾಟಿ, ಎದುರಿನ ಗೇಟಿನಿಂದ ರಸ್ತೆಗೆ ಇಳಿಯಿತು. ಹಿಂದಿನ ಜೀಪುಗಳಿಗೆ ನಿಯಮ ಒಂದು ಗೊತ್ತಿತ್ತು. ಮುಂದಿನದು ಹೋದಲ್ಲಿ ತಾವೂ ಹೋಗಬೇಕು. ಧೂಳಿನಲ್ಲಿ ಇಡೀ ಸಾಲು ಹಿಂದೆಯೇ ಬಂತು.

ಮಾರ್ಕೆಟ್ ಎದುರಿನ ಟೀ ಅಂಗಡಿಯ ಮುಂದೆ ತಾತ ನಿಧಾನ ಮಾಡಿ, ಕೈ ತೋರಿಸಿ, ಅಚ್ಚುಕಟ್ಟಾಗಿ ನಿಲ್ಲಿಸಿದರು. ಕೆಳಗಿಳಿದು ಒಂದೊಂದು ಟಯರನ್ನೂ ಒದ್ದು ನೋಡಿದರು.

ಇಂಜಿನಿಯರ್ ಇಳಿದು ಓಡಿಬಂದರು. "ತಾತಾ, ಅದು ಬಲೂನು!"

"ಇರಬಹುದು," ಅಂದರು ತಾತ. "ನಿಂತು ಅದೇನು ಅಂತ ನೋಡಿದ ಡ್ರೈವರ್‌ಗಳು ಯಾರೂ ನನ್ನ ವಯಸ್ಸಿಗೆ ಬಂದಿಲ್ಲ." ಜೇಬು ಮುಟ್ಟಿಕೊಂಡರು. "ಸೋಮವಾರ ಲೈಸೆನ್ಸ್ ಬೇಕಾದರೆ ತಗೊಂಡು ಹೋಗಲಿ. ಇನ್ನು ನನಗೆ ಚಿಂತೆ ಇಲ್ಲ." ಅವರ ಮುಖದಲ್ಲಿ ಅಂಥ ನಗುವನ್ನು ನಾನು ಹದಿನಾರು ವಾರದಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಸಾರ್ಜೆಂಟ್ ಗಾಡಿ ಎಣಿಸುತ್ತಿದ್ದರು. ಎಣಿಸಿ ನಿಂತರು. ಮತ್ತೆ ಎಣಿಸಿದರು.

"ಐದು ಹೊರಟಿತ್ತು. ಆರು ಬಂದಿದೆ," ಅಂದರು. "ಕಮ್ಮಿಯಾಗಿ ಬಂದದ್ದು ಉಂಟು. ಜಾಸ್ತಿಯಾಗಿ ಬಂದದ್ದು ಸರ್ವೀಸಿನಲ್ಲೇ ಇಲ್ಲ."

ಎರಡು ಜೀಪುಗಳ ನಡುವೆ, ಹೇಳಿದಷ್ಟೇ ಅಂತರದಲ್ಲಿ, ಒಂದು ಪುಟ್ಟ ಬಿಳಿ ಕಾರು. ಮುಂದೆ ಹಿಂದೆ ಎಲ್ ಬೋರ್ಡು. ಒಳಗೆ ಹದಿನೆಂಟರ ಹುಡುಗಿ ಸ್ಟಿಯರಿಂಗ್ ಬಿಗಿಹಿಡಿದು ಕೂತಿದ್ದಳು. ಪಕ್ಕದ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು ಎರಡೂ ಕೈಯಿಂದ ಸೀಟು ಹಿಡಿದಿದ್ದರು. ಸಿಗ್ನಲ್ಲಿನಲ್ಲಿ ಅವರ ಕಾರು ನಮ್ಮ ಸಾಲಿನೊಳಗೆ ಸೇರಿತ್ತು. ಮುಂದಿನ ಗಾಡಿಯ ಹಿಂದೆ ಅಂತರ ಬಿಟ್ಟು ಹೋಗು ಅಂತ ಮೇಷ್ಟ್ರು ಹೇಳಿದ್ದರು. ಅವಳು ಹೋಗಿದ್ದಳು. ಕಮಾನಿನಡಿ, ಕರ್ನಲ್ಲರ ಮುಂದೆ, ಬ್ಯಾಂಡಿನ ನಡುವೆ, ಎಲ್ಲ ಕಡೆ.

"ಸರ್," ಅಂದಳು, "ಮೂರನೇ ಗೇರ್ ಹಾಕಿದ್ದು ಸರಿ ಆಯ್ತಾ?"

ಮೇಷ್ಟ್ರು ಇನ್ನೂ ಸೀಟು ಬಿಟ್ಟಿರಲಿಲ್ಲ. ಡ್ರೈವರ್ ತಾತ ಕಿಟಕಿಗೆ ಬಗ್ಗಿ ಉತ್ತರ ಕೊಟ್ಟರು: "ಸರಿಯಾಯ್ತು ಪಾಪಾ. ನಿನ್ನ ಹಿಂದಿನ ಜೀಪಿನವನಿಗಿಂತ ಚೆನ್ನಾಗಿತ್ತು."

ಅಷ್ಟರಲ್ಲಿ ಸಾರ್ಜೆಂಟರ ಫೋನು ರಿಂಗಾಯಿತು. ಸಮಾವೇಶದ ಕಾರ್ಯದರ್ಶಿ. ಅವರ ಕೂಗು ನಮಗೆಲ್ಲ ಕೇಳುತ್ತಿತ್ತು. ಎಲ್ಲಿದ್ದೀರಿ, ಏನಾಯಿತು, ಇಲ್ಲಿ ಎಲ್ಲರೂ ಕಾಯುತ್ತಿದ್ದಾರೆ, ಕರ್ನಲ್ ಸಾಹೇಬರು ಇನ್ನೂ ಹಾಗೇ ನಿಂತಿದ್ದಾರೆ.

ಸಾರ್ಜೆಂಟ್ ಬೆನ್ನು ನೆಟ್ಟಗೆ ಮಾಡಿದರು. ಹಿಮ್ಮಡಿ ಜೋಡಿಸಿದರು.

"ಕಾನ್ವಾಯ್ ಸುರಕ್ಷಿತ," ಅಂದರು. "ಸಾವುನೋವು ಇಲ್ಲ. ಒಂದು ವಾಹನ ಹೆಚ್ಚುವರಿ. ಟೀ ಹೇಳಿದ್ದೇವೆ. ಕರ್ನಲ್ ಸಾಹೇಬರು ಕೈ ಇಳಿಸಬಹುದು."